ಅಪ್ಪನ ಮುಖವಿರುವ ಬಾಟಲಿ

ಹಿಡಕಲ್, ತಾ. ಹುಕ್ಕೇರಿ
ಮಂಗಳವಾರ, 5 ಮಾರ್ಚ್ 2024

ಪ್ರೀತಿಯ ಅಣ್ಣ ಸಿದ್ರಾಯನಿಗೆ ತಂಗಿ ಕಸ್ತೂರಿಯ ನಮಸ್ಕಾರ.

ನೀನು, ವೈನಿ, ಕೂಸು ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಹುಬ್ಬಳ್ಳಿಯ ಧೂಳಿಗೆ ನಿನಗೆ ಬರುತ್ತಿದ್ದ ಕೆಮ್ಮು ಹೇಗಿದೆ? ಕೂಸು ಗೋಡೆ ಹಿಡಿದು ನಿಲ್ಲುತ್ತಾನೆಯೇ, ಹೆಜ್ಜೆ ಇಡುತ್ತಾನೆಯೇ? ಅವ್ವ ಕಳಿಸಿದ್ದ ಜೋಳದ ಹಿಟ್ಟು ಇಷ್ಟರಲ್ಲಿ ಮುಗಿದಿರಬೇಕು, ಈ ಸಲ ಬೀಸಿ ಕಳಿಸುವವರಿಲ್ಲ, ಅಂಗಡಿಯದನ್ನೇ ತಿನ್ನು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ಸುಳ್ಳು ಬರೆದು ಪಗಾರ ತೆಗೆದುಕೊಳ್ಳುವವನು ಮನೆಗೊಬ್ಬ ಸಾಕು.

ಹದಿಮೂರು ದಿನದಿಂದ ನನ್ನ ಫೋನು ನಿನಗೆ ಹತ್ತುತ್ತಿಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡು ಕಿರಾಣಿ ಅಂಗಡಿಯವರ ಫೋನಿನಿಂದ ಮಾಡಿದೆ. ನೀನು ತಕ್ಷಣ ಎತ್ತಿದೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಆಗ ತಿಳಿಯಿತು. ಅದಕ್ಕೇ ಈ ಪತ್ರ. ನಮ್ಮ ಪಡಸಾಲೆಯಲ್ಲೇ ನಡೆಯುವ ಊರಿನ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆಯುವವಳು ನಾನೇ ಆದ್ದರಿಂದ ಇದು ಇವತ್ತೇ ಚೀಲ ಸೇರುತ್ತದೆ. ಶುಕ್ರವಾರ ಶಿವರಾತ್ರಿಯ ರಜೆ, ಹಾಗಾಗಿ ಗುರುವಾರ, ತಪ್ಪಿದರೆ ಶನಿವಾರ ನಿನ್ನ ಕಚೇರಿಯ ಮೇಜಿಗೆ ಬರುತ್ತದೆ. ಸ್ಪೀಡ್ ಪೋಸ್ಟ್, ಸಹಿ ಹಾಕಿಯೇ ತೆಗೆದುಕೊಳ್ಳಬೇಕು, ಫೋನಿನಂತೆ ಕತ್ತರಿಸಲು ಬರುವುದಿಲ್ಲ. ವಿಷಯ ಇಷ್ಟು: ಬರುವ ಭಾನುವಾರ ಅಮಾವಾಸ್ಯೆ. ಅಂದು ಬೆಳಗ್ಗೆ ಹತ್ತಕ್ಕೆ ನೀನು ನಮ್ಮ ಬೀರಪ್ಪನ ಗುಡಿಯ ಮುಂದೆ ನಿಂತಿರಬೇಕು. ಅಪ್ಪನ ಮಾತು ಈ ಊರಲ್ಲಿ ಇನ್ನು ಮುಂದೆ ನಡೆಯುತ್ತದೋ ಇಲ್ಲವೋ ಅಂದು ಗೊತ್ತಾಗುತ್ತದೆ. ಏಕೆ ಎಂದು ನಿನಗೆ ಅರ್ಧ ಗೊತ್ತು, ಉಳಿದರ್ಧವನ್ನು ಬರೆಯುತ್ತೇನೆ. ನಿಂತು ಓದಬೇಡ, ಕುಳಿತು ಓದು.

ನೀನು ಫೋಟೋದವರನ್ನು ಕಾರಿನಲ್ಲಿ ಕರೆತಂದ ದಿನ ನೆನಪಿದೆಯೇ? ಅಪ್ಪ ಮದುವೆ ಮನೆಗೆ ಹೋಗುವ ಹೊಸ ಪಟಕಾ ತಲೆಗೆ ಸುತ್ತಿಕೊಂಡು ಬಂದ. ನೀನು ಬಿಚ್ಚಿಸಿ ಹಳೆಯದನ್ನು ಸುತ್ತಿಸಿದೆ. ಕೈಗಡಿಯಾರ ಬಿಚ್ಚಿಸಿದೆ, ರಬ್ಬರ್ ಚಪ್ಪಲಿ ತೆಗೆಸಿದೆ, ಕನ್ನಡಕ ಹಾಕುತ್ತಾಳೆಂದು ಅವ್ವನನ್ನು ಚಿತ್ರದಿಂದಲೇ ತೆಗೆದೆ. ಹಿನ್ನೀರಿನ ದಂಡೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಚೀಲ, ಚಹಾ ಕಪ್ಪುಗಳನ್ನು ನಾನು ಬಗ್ಗಿ ಬಗ್ಗಿ ಆರಿಸಿ ಬೇಲಿಯ ಆಚೆ ಎಸೆದೆ, ಅಣ್ಣನ ಚಿತ್ರ ಚೆಂದ ಬರಲಿ ಎಂದು. ಅಪ್ಪನ ಹೆಗಲ ಮೇಲೆ ಎಂಟು ದಿನದ ಮರಿ ಕೂರಿಸಿದಿರಿ. ಅದು ಅವನ ಕುತ್ತಿಗೆಯ ಮೇಲೆ ಉಚ್ಚೆ ಹೊಯ್ದಿತು, ಅಪ್ಪ ನಕ್ಕ. ಆ ನಗುವೇ ಈಗ ನಿಮ್ಮ ಕಂಪನಿಯ ನೆಲ ಒರೆಸುವ ನೀರಿನ ಬಾಟಲಿಯ ಮೇಲಿದೆ. "ನೆಲದಾಯಿ. ಕುರುಬನ ನಂಬಿಕೆ, ಬೇವಿನ ಶಕ್ತಿ. ನೆಲಕ್ಕೆ, ನೀರಿಗೆ, ಜೀವಕ್ಕೆ ಹಾನಿಯಿಲ್ಲ." ಸಾಲು ನಿನ್ನದೇ. ಶಾಲೆಯಲ್ಲಿ ಕನ್ನಡಕ್ಕೆ ನಿನಗೆ ಯಾವಾಗಲೂ ಒಳ್ಳೆಯ ಅಂಕ ಬರುತ್ತಿದ್ದವು.

ಮೊದಲ ಪೆಟ್ಟಿಗೆ ತಂದ ದಿನ ಅಂಗಳದಲ್ಲಿ ಹದಿನೈದು ಮಂದಿ ಊಟಕ್ಕೆ ಕುಳಿತಿದ್ದರು. ಅಪ್ಪನಿಗೆ ಓದಲು ಬಾರದು, ನೀನು ಲೇಬಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಓದಿ ಹೇಳಿದೆ. ಕೊನೆಗೆ ಎಲ್ಲರಿಗೂ ಕೇಳುವಂತೆ, "ಕುಡದ್ರೂ ಏನೂ ಆಗಂಗಿಲ್ಲಪಾ, ಅಷ್ಟ ಶುದ್ಧ ಐತಿ" ಎಂದೆ. ಮಂದಿ ನಕ್ಕರು. ಅಪ್ಪ ನಗಲಿಲ್ಲ. ಮಗ ಹೇಳಿದ್ದನ್ನು ಅವನು ಸುಮ್ಮನೆ ಒಳಗೆ ಇಟ್ಟುಕೊಂಡ. ಲೇಬಲ್ಲಿನ ಮೂಲೆಯಲ್ಲಿ ಎಲೆಯ ಗುರುತು, ಸುತ್ತ "ಹಸಿರು ಪ್ರಮಾಣಿತ" ಎಂಬ ಮುದ್ರೆ ಇತ್ತು. ಇದನ್ನು ಕೊಟ್ಟ ಸರ್ಕಾರದವರು ಯಾರು ಎಂದು ನಾನು ಪಕ್ಕಕ್ಕೆ ಕರೆದು ಕೇಳಿದೆ. ಠಸ್ಸೆ ಹೊಡೆಯುವವಳು ನೋಡು, ಅದರ ಮೇಲೇ ಕಣ್ಣು ಹೋಗುತ್ತದೆ. ನೀನು ನನ್ನ ತಲೆಗೆ ಮೊಟಕಿ, "ಕಂಪ್ಯೂಟರದಾಗ ನಾವ ಮಾಡಿದ್ದ" ಎಂದೆ. ಆಗ ನಾನೂ ನಕ್ಕೆ. ಆ ನಗುವಿಗೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಿಮ್ಮ ಬಾಟಲಿಯ ನಿಜ ಮೊದಲು ಕಂಡುಹಿಡಿದದ್ದು ನಮ್ಮ ಮನೆಯ ಆಡು. ಕಾಗದದಿಂದ ಮಾಡಿದ ಬಾಟಲಿ, ಮಣ್ಣಲ್ಲಿ ಮಣ್ಣಾಗುತ್ತದೆ ಎಂದು ಬರೆದಿದ್ದಿರಲ್ಲ, ಖಾಲಿಯಾದ ಒಂದನ್ನು ಅವ್ವ ತಿಪ್ಪೆಗೆ ಹಾಕಿದ್ದಳು. ಆಡು ಮೇಲಿನ ಕಾಗದವನ್ನೆಲ್ಲ ತಿಂದು ಮುಗಿಸಿತು. ಒಳಗಿನಿಂದ ತೆಳ್ಳನೆಯ ಪ್ಲಾಸ್ಟಿಕ್ ಬಾಟಲಿಯೊಂದು ಹೊರಗೆ ಬಂತು. ಎರಡು ಮಳೆಗಾಲ ಹೋಯಿತು, ಅದು ಇನ್ನೂ ತಿಪ್ಪೆಯಲ್ಲಿ ಹೊಳೆಯುತ್ತ ಬಿದ್ದಿದೆ. ಅಪ್ಪನಿಗೆ ತೋರಿಸಿದೆ. ಒಳಗೆ ನೀರು ಸೋರಬಾರದಲ್ಲ, ಅದಕ್ಕೆ ಮಗ ಬಂದೋಬಸ್ತು ಮಾಡಿದ್ದಾನೆ ಎಂದು ನನಗೇ ತಿಳಿಹೇಳಿದ.

ಹೋದ ದಸರೆಗೆ ನಿಮ್ಮ ಮನೆಗೆ ಬಂದಿದ್ದೆ. ವೈನಿ ಬಿಸಿನೀರಿಗೆ ಉಪ್ಪು ಹಾಕಿ ನೆಲ ಒರೆಸುತ್ತಿದ್ದಳು. ಮನೆಯ ಯಜಮಾನ ಅದೇ ಕಂಪನಿಯವನು, ನೆಲದಾಯಿ ಎಲ್ಲಿ ಎಂದು ತಮಾಷೆ ಮಾಡಿದೆ. ಪಾಪ, ಅವಳಿಗೆ ಕಪಟ ಗೊತ್ತಿಲ್ಲ. "ಮನಿಯಾಗ ಅದನ್ನ ಹಾಕಬ್ಯಾಡ ಅಂದಾರ ನಿಮ್ಮಣ್ಣ, ಕೂಸು ನೆಲಾ ನೆಕ್ಕತೈತಿ" ಎಂದಳು. ಈ ಮಾತು ಕೇಳಿದ ಮೇಲೂ ನಾನು ಚಹಾ ಕುಡಿದು, ಸೀರೆ ಉಡಿಸಿಕೊಂಡು, ಬಸ್ಸು ಹತ್ತಿ ಬಂದೆ. ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ನಿನ್ನ ಪಾಲು ನಿನಗೆ, ನನ್ನ ಪಾಲು ನನಗೆ. ಎರಡೂ ಬರೆದಿದ್ದೇನೆ.

ಇನ್ನು ನಿನಗೆ ಗೊತ್ತಿಲ್ಲದ್ದು. ಉಣ್ಣೆಗೆಂದು ಕುರಿಗಳಿಗೆ ಕತ್ತರಿ ಹಾಕುವ ಹಿಂದಿನ ದಿನ ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನ ತಂದು ಅವುಗಳ ಬೆನ್ನಿಗೆ ಹಚ್ಚುವುದು ನಿನಗೆ ಮರೆತಿರಲಾರದು. ಫೆಬ್ರವರಿ ಹದಿನೆಂಟರಂದು ಎಲ್ಲ ಕುರಿಯವರೂ ಗುಡಿಯ ಮುಂದೆ ಸೇರಿದ್ದರು. ಈ ವರ್ಷ ಉಣ್ಣಿಹುಳ ವಿಪರೀತ. ಕತ್ತರಿ ತಾಗಿದ ಗಾಯಕ್ಕೂ ಹುಳಕ್ಕೂ ಬೇವಿನ ಎಣ್ಣೆಯ ಬದಲು ನೆಲದಾಯಿ ಹಚ್ಚೋಣ ಎಂದು ಅಪ್ಪ ಹೇಳಿದ. ಎಣ್ಣೆಯಲ್ಲಿ ಇರುವುದೂ ಬೇವು, ಇದರಲ್ಲಿ ಇರುವುದೂ ಬೇವು, ಇದು ಇನ್ನೂ ಶುದ್ಧ. ಪರಸಪ್ಪ ಕಾಕಾ ಒಪ್ಪಲಿಲ್ಲ. ನೆಲ ಒರೆಸುವ ಬಣ್ಣದ ನೀರನ್ನು ಕುರಿಯ ಮೈಗೆ ಹೇಗೆ ಹಚ್ಚುವುದು ಎಂದ. ಅಪ್ಪನಿಗೆ ಅದು ನಿನ್ನನ್ನು ಅಂದಂತೆ ಆಯಿತು. ತಟ್ಟೆಯಿಂದ ಮುಷ್ಟಿ ತುಂಬ ಭಂಡಾರ ತೆಗೆದುಕೊಂಡು, "ಬೀರಪ್ಪನ ಆಣಿ, ಇದರಾಗ ಬೇವು ಬಿಟ್ಟರ ಏನೂ ಇಲ್ಲ. ನನ್ನ ಮಗ ಸುಳ್ಳ ಹೇಳಂಗಿಲ್ಲ" ಎಂದ. ಆಮೇಲೆ ಯಾರು ಮಾತಾಡುತ್ತಾರೆ? ಹಿನ್ನೀರಿನ ದಂಡೆಯಲ್ಲಿ ಎರಡು ಹಿಂಡು ಕಲೆತಾಗ ಯಾವ ಕುರಿ ಯಾರದೆಂದು ಮೂವತ್ತು ವರ್ಷದಿಂದ ಅಪ್ಪ ಹೇಳಿದ್ದೇ ಕಡೆಯ ಮಾತು. ಕಿವಿಯ ಗುರುತನ್ನೂ ನೋಡುತ್ತಿರಲಿಲ್ಲ, ಮುಖ ನೋಡಿ ಹೇಳುತ್ತಿದ್ದ. ಅಂಥವನು ಭಂಡಾರ ಹಿಡಿದ ಮೇಲೆ ಪರಸಪ್ಪ ಕಾಕಾ ಎರಡು ಬಾಟಲಿ ಇಸಿದುಕೊಂಡು ಮನೆಗೆ ಹೋದ.

ಮರುದಿನ ತೊಳೆದು ಕತ್ತರಿಸಿದ್ದಾಯಿತು. ಅವ್ವ ವರ್ಷದ ರೂಢಿಯಂತೆ ಬೇವಿನ ಎಣ್ಣೆಗೆ ಅರಿಶಿನ ಕಲಸಿ ಗಡಿಗೆಯಲ್ಲಿ ಇಟ್ಟಿದ್ದಳು. ಮಗ ಇಷ್ಟು ಶುದ್ಧ ಮಾಡಿ ಕೊಟ್ಟಿರುವಾಗ ನಿನ್ನದು ಯಾಕೆ ಎಂದು ಅಪ್ಪ ಬದಿಗಿಡಿಸಿದ. ಆ ಗಡಿಗೆ ತುಂಬಿದ್ದು ತುಂಬಿದಂತೆ ಮೂಲೆಯಲ್ಲಿದೆ. ನೆಲದಾಯಿಯನ್ನು ನೀರು ಕೂಡ ಬೆರೆಸದೆ ಬಕೆಟ್ಟಿಗೆ ಸುರಿದೆವು. ಅಪ್ಪ ಹಿಡಿದುಕೊಂಡ, ನಾನು ಬಟ್ಟೆ ಅದ್ದಿ ಒರೆಸಿದೆ. ಬೆನ್ನು, ಹೊಟ್ಟೆ, ಕಿವಿಯ ಹಿಂದೆ, ತಾಯಿಕುರಿಗಳ ಕೆಚ್ಚಲ ಸುತ್ತ. ನನ್ನ ಅಂಗೈ ಉರಿಯಿತು. ಬೇವು ಖಾರವಿದೆ ಎಂದುಕೊಂಡೆ. ಬೇವು ಎಂದಾದರೂ ಉರಿಯುತ್ತದೆಯೇ ಅಣ್ಣ? ಬಾಯಿಗೆ ಕಹಿ, ಅಷ್ಟೇ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ನಿನ್ನ ಒಂದು ಲೇಬಲ್ಲು ಮರೆಸಿಬಿಟ್ಟಿತು.

ಮಧ್ಯಾಹ್ನಕ್ಕೆ ಕುರಿಗಳು ನಿಂತಲ್ಲೇ ನಡುಗತೊಡಗಿದವು. ಸಂಜೆಯ ಹೊತ್ತಿಗೆ ಜೊಲ್ಲು ಸುರಿಸಿ ಬಿದ್ದವು. ಕೆಚ್ಚಲಿಗೆ ಬಾಯಿ ಹಾಕಿದ ಮರಿಗಳು ತಾಯಂದಿರಿಗಿಂತ ಮೊದಲು ಹೋದವು. ಮೂರು ದಿನದಲ್ಲಿ ನಲವತ್ತಾರರಲ್ಲಿ ಮೂವತ್ತೊಂದು. ಪರಸಪ್ಪ ಕಾಕಾನ ಮನೆಯಲ್ಲಿ ಹದಿನೆಂಟು. ಮೂಡಲಗಿಯ ಗೌರವ್ವ ಅತ್ತೆ, ಅಪ್ಪನ ತಂಗಿ, ನಿನ್ನನ್ನು ಎತ್ತಿ ಆಡಿಸಿದವಳು, ಅವಳು ಅಲ್ಲಿನ ಸಂತೆಯಲ್ಲಿ ಬಾಟಲಿಯ ಮೇಲೆ ತನ್ನ ಅಣ್ಣನ ಮುಖ ನೋಡಿ ಹೆಮ್ಮೆಯಿಂದ ಕೊಂಡಿದ್ದಳಂತೆ. ಅಪ್ಪ ಫೋನಿನಲ್ಲಿ ಹೀಗೆ ಹಚ್ಚು ಎಂದು ಹೇಳಿಕೊಟ್ಟಿದ್ದ. ಅವಳಿಗೆ ಇದ್ದದ್ದು ಇಪ್ಪತ್ತು ಕುರಿ, ಗಂಡ ಸತ್ತ ಮೇಲೆ ಅವೇ ಅವಳ ಸಂಸಾರ. ಈಗ ಒಂದೂ ಇಲ್ಲ, ಎರಡೂ ಅಂಗೈಯ ಚರ್ಮ ಸುಲಿದಿದೆ. ಹುಕ್ಕೇರಿಯಿಂದ ಬಂದ ದನದ ಡಾಕ್ಟರು ಬಾಟಲಿಯ ಮುಚ್ಚಳ ತೆಗೆದು ಮೂಸಿ, ಚರ್ಮದಿಂದಲೇ ಒಳಗೆ ಇಳಿದಿದೆ, ಈಗ ಮಾಡುವುದೇನೂ ಇಲ್ಲ ಎಂದರು. ಹಿನ್ನೀರಿನ ದಂಡೆಯಲ್ಲಿ ಗುಂಡಿ ತೋಡಿದೆವು, ನೀನು ಫೋಟೋ ತೆಗೆಸಿದ ಜಾಗದ ಹತ್ತಿರವೇ, ಅಲ್ಲಿ ಮಣ್ಣು ಮೆತ್ತಗಿದೆ. ಲೇಬಲ್ಲಿನ ಮೇಲಿರುವ ಮರಿ ದೊಡ್ಡದಾಗಿ ತಾನೇ ಒಂದು ಮರಿ ಹಾಕಿತ್ತು. ನಿನ್ನ ನೆನಪಿಗೆಂದು ಅಪ್ಪ ಅದಕ್ಕೆ ಹುಬ್ಬಳ್ಳಿ ಎಂದೇ ಹೆಸರಿಟ್ಟಿದ್ದ. ಅದನ್ನು ಗುಂಡಿಗೆ ಇಳಿಸುವಾಗ ಅವ್ವ ಒಂದೇ ಮಾತು ಅಂದಳು, "ಹುಬ್ಬಳ್ಳಿ ಹೋತು". ಅವತ್ತಿನಿಂದ ಅವಳು ನಿನ್ನ ಹೆಸರು ತೆಗೆದಿಲ್ಲ.

ಇಪ್ಪತ್ತೊಂದರಂದು ನಿನಗೆ ಫೋನು ಮಾಡಿದೆ. ಅತ್ತುಕೊಂಡು ಹೇಳಿದೆ. ನೀನು ಮೊದಲು ಕೇಳಿದ್ದು ಅಪ್ಪ ಹೇಗಿದ್ದಾನೆ ಎಂದಲ್ಲ. "ಯಾರ ಹೇಳಿದ್ರ ಕುರಿಗಿ ಹಚ್ಚಾಕ? ಹಿಂದ ಸಣ್ಣ ಅಕ್ಷರದಾಗ ಬರದೈತಲ್ಲ" ಎಂದೆ. ನೋಡಿದೆ, ಬರೆದಿದೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ, ಮಕ್ಕಳಿಂದ ಪ್ರಾಣಿಗಳಿಂದ ದೂರ ಇಡಿ ಎಂದು. ಮುಂದೆ ಕನ್ನಡದಲ್ಲಿ ಜೀವಕ್ಕೆ ಹಾನಿಯಿಲ್ಲ, ಹಿಂದೆ ಇಂಗ್ಲಿಷಿನಲ್ಲಿ ಹಾನಿಯಿದೆ. ಅಪ್ಪನಿಗೆ ಎರಡೂ ಓದಲು ಬಾರದು, ನನಗೆ ಎರಡೂ ಬರುತ್ತವೆ, ಆದರೂ ಬಾಟಲಿಯನ್ನು ತಿರುಗಿಸಿ ನೋಡಲಿಲ್ಲ. ಅಣ್ಣ ಬರೆದದ್ದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಆಮೇಲೆ ನೀನು ದನಿ ತಗ್ಗಿಸಿ, "ಅದರಾಗ ಬೇವಿನ ವಾಸನಿ ಅಷ್ಟ ಹಾಕತಾರ ಕಸ್ತೂರಿ, ಯಾರ ಮುಂದನೂ ಅನಬ್ಯಾಡ, ನನ್ನ ಕೆಲಸ ಹೋಕ್ಕೈತಿ" ಎಂದೆ. ಅಷ್ಟು ಹೇಳಿ ನನ್ನ ನಂಬರನ್ನು ಬ್ಲಾಕ್ ಮಾಡಿಬಿಟ್ಟೆ.

ಐದು ದಿನದ ಮೇಲೆ ನನ್ನದೇ ಅಂಚೆ ಕಚೇರಿಗೆ ನಿಮ್ಮ ಕಂಪನಿಯಿಂದ ಅಪ್ಪನ ಹೆಸರಿಗೆ ಒಂದು ಪೆಟ್ಟಿಗೆ ಬಂತು. ಅಪ್ಪನಿಗೆ ಕೊಟ್ಟು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕಾದವಳು ನಾನು. ಒಳಗೆ ಹನ್ನೆರಡು ಹೊಸ ಬಾಟಲಿ, ಹೊಸ ಲೇಬಲ್ಲು, ಅದೇ ನಗು. ಈಗ "ಇನ್ನಷ್ಟು ಹಸಿರು" ಎಂದು ಬರೆದಿದೆ. ಸಂಗಡ ಒಂದು ಚೀಟಿ, ತಮ್ಮ ನಷ್ಟಕ್ಕೆ ವಿಷಾದವಿದೆ, ನಮ್ಮ ನೆಲದಾಯಿ ಕುಟುಂಬದ ಕಡೆಯಿಂದ ಒಂದು ಚಿಕ್ಕ ಕಾಣಿಕೆ ಎಂದು. ಕನ್ನಡ ನಿನ್ನದು, ನನಗೆ ಗುರುತು ಸಿಗುತ್ತದೆ. ಅಪ್ಪ ಪೆಟ್ಟಿಗೆಯ ಮೇಲೆ ಕೈಯಾಡಿಸಿ, ಮಗ ಮರೆತಿಲ್ಲ ಎಂದ.

ಅದರಲ್ಲಿನ ಒಂದು ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಹೋದೆ. ನನ್ನ ಜೊತೆ ಓದಿದ ದಾನೇಶ್ವರಿ ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಗಾಜಿನ ನಳಿಕೆಯಲ್ಲಿ ಸ್ವಲ್ಪ ಸುರಿದು, ಬೇರೊಂದು ಶೀಶೆಯಿಂದ ಎರಡು ಹನಿ ಬಿಟ್ಟಳು. ಹಸಿರು ಇದ್ದದ್ದು ನೇರಳೆ ಬಣ್ಣವಾಯಿತು. ಫಿನಾಲ್ ಜಾತಿಯದು, ಬೇವಿನ ಹೆಸರೂ ಇಲ್ಲ, ಬಣ್ಣ ಮತ್ತು ವಾಸನೆ ಮಾತ್ರ ಎಂದಳು. ಅವಳು ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಟ್ಟು, "ಕಕ್ಕಸ ತೊಳ್ಯಾಕೂ ಇದಕ್ಕ ನೀರ ಬೆರಸಬೇಕವಾ" ಎಂದು ನನ್ನ ಕೈ ನೋಡಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಕುರಿಗಳಿಗಾಗಿ ಅಲ್ಲ. ನಿನಗೆ ಮೊದಲೇ ಗೊತ್ತಿತ್ತಲ್ಲ ಎಂದು.

ಅಪ್ಪನಿಗೆ ಎಲ್ಲ ಹೇಳಿದೆ. ನೇರಳೆ ಬಣ್ಣ, ಸಣ್ಣ ಅಕ್ಷರ, ವೈನಿಯ ಉಪ್ಪುನೀರು, ಫೋನಿನಲ್ಲಿ ನೀನು ಅಂದ ಮಾತು, ಒಂದೂ ಬಿಡಲಿಲ್ಲ. ಅವನು ಸಿಟ್ಟಾಗಲಿಲ್ಲ, ನನ್ನನ್ನು ಕನಿಕರದಿಂದ ನೋಡಿದ. "ನನ್ನ ಮಾರಿ ಹಾಕ್ಯಾನಲ್ಲವಾ ಅದರ ಮ್ಯಾಲ. ತಂದಿ ಮಾರಿ ಇಟ್ಟು ಯಾರರ ಸುಳ್ಳ ಬರೀತಾರೇನ?" ಎಂದ. ಇದಕ್ಕೆ ನಿನ್ನ ಬಳಿ ಉತ್ತರ ಇದ್ದರೆ ಭಾನುವಾರ ತೆಗೆದುಕೊಂಡು ಬಾ. ಅಣ್ಣನ ಏಳಿಗೆ ಕಂಡು ತಂಗಿಗೆ ಹೊಟ್ಟೆಕಿಚ್ಚು ಎಂದು ಅವನು ಅವ್ವನ ಮುಂದೆ ಹೇಳಿದ್ದನ್ನೂ ಕೇಳಿದ್ದೇನೆ. ಸುಳ್ಳು ಹೇಳಿದವನು ಒಳ್ಳೆಯ ಮಗ, ನಿಜ ಹೇಳಿದವಳು ಹೊಟ್ಟೆಕಿಚ್ಚಿನವಳು. ಇರಲಿ, ಅದನ್ನೂ ನುಂಗಿದ್ದೇನೆ.

ಊರು ಮಾತ್ರ ನುಂಗಲಿಲ್ಲ. ಭಂಡಾರ ಹಿಡಿದು ಸುಳ್ಳು ಆಣೆ ಮಾಡಿದ್ದಕ್ಕೇ ಕುರಿಗಳು ಹೋದವು ಎನ್ನುತ್ತಾರೆ. ಸುಳ್ಳು ಆಣೆ ಮಾಡಿದವನ ಹಣೆಗೆ ಯಾರೂ ಭಂಡಾರ ಹಚ್ಚುವುದಿಲ್ಲ, ಅವನ ಕೈಯಿಂದ ನೀರು ಮುಟ್ಟುವುದಿಲ್ಲ. ಹೋದ ವಾರ ದಂಡೆಯಲ್ಲಿ ಎರಡು ಹಿಂಡು ಕಲೆತವು. ಅಪ್ಪ ರೂಢಿಯಂತೆ ಕೋಲು ಊರಿಕೊಂಡು ಹೋಗಿ ನಿಂತ. ಯಾರೂ ಅವನನ್ನು ಕೇಳಲಿಲ್ಲ. ಕಿವಿಯ ಗುರುತು ನೋಡಿ, ಜಗಳಾಡಿ, ತಾವೇ ಬೇರೆ ಮಾಡಿಕೊಂಡರು. ಎರಡು ಕುರಿ ತಪ್ಪು ಮನೆಗೆ ಹೋದದ್ದು ಅವನಿಗೆ ಕಂಡಿತು, ಬಾಯಿ ಬಿಡಲಿಲ್ಲ. ಮನೆಗೆ ಬಂದು ನನಗೆ ಹೇಳಿದ, ಯಾವ ಎರಡು ಎಂದು. ಅಣ್ಣ, ಕುರಿ ಸತ್ತಾಗಲೂ ನಾನು ಅವನ ಮುಖವನ್ನು ಹಾಗೆ ನೋಡಿರಲಿಲ್ಲ. ಇದಕ್ಕೆ ಒಂದೇ ದಾರಿ ಇದೆ ಎಂದು ಪರಸಪ್ಪ ಕಾಕಾನೇ ಹೇಳಿದ. ಯಾರ ಮಾತು ನಂಬಿ ಆಣೆ ಮಾಡಿದನೋ ಅವನೇ ಬಂದು, ಅದೇ ಗುಡಿಯ ಮುಂದೆ ಭಂಡಾರ ಹಿಡಿದು, ಸುಳ್ಳು ನನ್ನದು ಎಂದರೆ ಆಣೆ ಅಪ್ಪನನ್ನು ಬಿಟ್ಟು ನಿನಗೆ ಹತ್ತುತ್ತದೆ. ಮಂದಿ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ, ನಿನ್ನ ಕಂಪನಿಯವರು ನೋಡುತ್ತಾರೆ, ನಿನ್ನ ಕೆಲಸ ಹೋಗುತ್ತದೆ. ಹೋಗಲಿ. ನನಗೆ ಸ್ವಲ್ಪವೂ ಮರುಕ ಬರುವುದಿಲ್ಲ.

ವೈನಿಗೆ ನನ್ನ ನಮಸ್ಕಾರ ಹೇಳು, ಅವಳ ತಪ್ಪು ಏನೂ ಇಲ್ಲ. ಕೂಸಿಗೆ ಒಂದು ಮುತ್ತು. ಅಪ್ಪನ ಆಶೀರ್ವಾದ ನಿನಗೆ ಯಾವಾಗಲೂ ಇದೆ, ಬೇಡವೆಂದರೂ ಇರುತ್ತದೆ. ಅವ್ವನದನ್ನು ಕೇಳಿ ಬರೆಯೋಣ ಎಂದು ಒಳಗೆ ಹೋಗಿದ್ದೆ, ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ನಿನ್ನ ತಂಗಿ,
ಕಸ್ತೂರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಗುಡಿಯಿಂದ ಬಂದ. ಚೀಲ ಒಯ್ಯುವವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಭಾನುವಾರ ಎಲ್ಲರ ಮುಂದೆ ಒಂದು ಬಾಟಲಿಯ ಸೀಲು ಒಡೆದು ಹಿತ್ತಾಳೆಯ ಬಟ್ಟಲು ತುಂಬ ಕುಡಿಯುತ್ತೇನೆ ಎಂದು ಅವನು ಮಾತು ಕೊಟ್ಟು ಬಂದಿದ್ದಾನೆ. ಕುಡಿದರೂ ಏನೂ ಆಗುವುದಿಲ್ಲ ಎಂದು ನೀನು ಹದಿನೈದು ಮಂದಿಯ ಎದುರು ಹೇಳಿದ್ದೆಯಲ್ಲ, ಅದನ್ನೇ ನಂಬಿದ್ದಾನೆ. ತನಗೆ ಏನೂ ಆಗದಿದ್ದರೆ ಆಣೆ ಖರೆ, ಮಗನ ಮಾತೂ ಖರೆ ಎಂದು ಊರು ಒಪ್ಪಬೇಕಂತೆ. ಬಾಟಲಿಗಳಲ್ಲಿ ಬೇವಿನ ನೀರು ತುಂಬಿ ಇಟ್ಟುಬಿಡೋಣ ಎಂದು ಪೆಟ್ಟಿಗೆ ಹುಡುಕಿದೆ, ಇಲ್ಲ. ಅವನೇ ಹೊತ್ತೊಯ್ದು ಗುಡಿಯಲ್ಲಿಟ್ಟು ಬೀಗ ಹಾಕಿಸಿದ್ದಾನೆ, ಪರಸಪ್ಪ ಕಾಕಾನ ಕೈಯಲ್ಲಿ ಕೀಲಿ. ಕಾಲು ಹಿಡಿದೆ, ಅತ್ತೆ. ನನ್ನ ಮಾತು ನಂಬುವುದಿಲ್ಲ. ಕೈ ಹಿಡಿದು ನಿಲ್ಲಿಸಿದರೆ ಇನ್ನೊಂದು ದಿನ ಕುಡಿಯುತ್ತಾನೆ. ನಿನ್ನ ಬಾಯಿಂದ ಬಂದರೆ ಮಾತ್ರ ನಂಬುತ್ತಾನೆ. ಆಗ ಲೇಬಲ್ಲಿಗೆ ಬೇಡವಾಗಿದ್ದ ಹೊಸ ಪಟಕಾವನ್ನು ಈಗ ಹೊರಗೆ ತೆಗೆಸಿದ್ದಾನೆ. ನಿನಗೆ ಒಂದು ಮಾತು ಬರೆಯಲು ಹೇಳಿ ಪಕ್ಕದಲ್ಲೇ ಕುಳಿತಿದ್ದಾನೆ, ಅವನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಬರುವಾಗ ಆ ಫೋಟೋದವರನ್ನೂ ಕರಕೊಂಡ ಬಾ ಸಿದ್ರಾಯ. ನಾ ಕುಡಿಯೂದ ತಕ್ಕೊಳ್ಳಿ. ನಿನ್ನ ಕಂಪನಿಗಿ ಉಪಯೋಗ ಅಕ್ಕೈತಿ."